ಎ.ಕೆ. ರಾಮಾನುಜನ್ ಬಗ್ಗೆ ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಸಿಲಬಸ್ಸಿನಲ್ಲಿ ಎಷ್ಟೋ ಲೇಖಕರು ಬಂದು ಹೋಗುತ್ತಾರೆ. ಕವಿ, ಅನುವಾದಕ ಎ.ಕೆ. ರಾಮಾನುಜನ್ ಬಗ್ಗೆ ಬರುವಷ್ಟು ಪ್ರಶ್ನೆ ಮಾತ್ರ ಬೇರೆ ಯಾರ ಬಗ್ಗೆಯೂ ಬರುವುದಿಲ್ಲ. ಕೆಲವು ಕ್ಲಾಸಿನಲ್ಲಿ ಬಂದವು, ಕೆಲವು ಕಾಲೇಜಿನ ಕಟ್ಟೆಯ ಮೇಲೆ, ಇನ್ನು ಕೆಲವು ಸುರಪುರ, ಬಸವಕಲ್ಯಾಣದ ಓದುಗರ ಪತ್ರಗಳಲ್ಲಿ. ಕೇಳಿದವರ ಮಾತನ್ನು ತಿದ್ದದೆ ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ.

## ಯಾರು ಈ ಮೇಷ್ಟ್ರು?

"ಗಣಿತದ ರಾಮಾನುಜನ್ ಇವರೇ ಏನ್ರಿ ಸರ್?"

ಅಲ್ಲ. ಪ್ರತಿ ವರ್ಷ ಒಬ್ಬರಾದರೂ ಇದನ್ನು ಕೇಳೇ ಕೇಳುತ್ತಾರೆ. ಗಣಿತದ ಶ್ರೀನಿವಾಸ ರಾಮಾನುಜನ್ ತೀರಿಕೊಂಡಿದ್ದು 1920ರಲ್ಲಿ. ಇವರು ಅತ್ತಿಪಟ್ ಕೃಷ್ಣಸ್ವಾಮಿ ರಾಮಾನುಜನ್. ಹುಟ್ಟಿದ್ದು 1929ರ ಮಾರ್ಚ್ 16ರಂದು, ಮೈಸೂರಿನಲ್ಲಿ. ತಮಾಷೆ ಅಂದರೆ ಇವರ ತಂದೆಯೇ ಗಣಿತದ ಪ್ರೊಫೆಸರು. ಮಗನಿಗೆ ಮಾತ್ರ ಲೆಕ್ಕ ಒಲಿಯಲಿಲ್ಲ.

"ಮನಿ ಮಾತು ತಮಿಳಂತ. ಮತ್ತ ಕನ್ನಡ ಲೇಖಕ ಹ್ಯಾಂಗಾದ್ರು?"

ಹೌದು, ತಮಿಳು ಅಯ್ಯಂಗಾರ್ ಮನೆತನ. ಆ ಮನೆಯ ಕತೆಯನ್ನು ಅವರೇ ಬರೆದಿದ್ದಾರೆ. ಕೆಳಗೆ ಅಡುಗೆಮನೆಯಲ್ಲಿ ಅಮ್ಮನ ಜೊತೆ ತಮಿಳು. ಮಹಡಿಯ ಮೇಲೆ ಅಪ್ಪನ ಕೋಣೆಯಲ್ಲಿ ಇಂಗ್ಲಿಷ್. ಹೊರಗೆ ಬೀದಿಗೆ ಬಂದರೆ ಕನ್ನಡ. ಮೆಟ್ಟಿಲು ಹತ್ತಿ ಇಳಿಯುವಾಗಲೇ ಹುಡುಗನ ಭಾಷೆ ಬದಲಾಗುತ್ತಿತ್ತು.

ಮೈಸೂರಿನವರಿಗೆ ಇದು ದೊಡ್ಡ ವಿಷಯ ಅನ್ನಿಸಬಹುದು. ನಮ್ಮಲ್ಲಿ ಯಾರಿಗೆ ಆಶ್ಚರ್ಯ? ಬೀದರಿನ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕೇಳುತ್ತವೆ. ಮನೆಯಲ್ಲಿ ಲಂಬಾಣಿ ಮಾತಾಡಿ, ಶಾಲೆಯಲ್ಲಿ ಕನ್ನಡ ಓದಿ, ಬಜಾರಿನಲ್ಲಿ ದಖನಿ ಆಡುವ ಮಕ್ಕಳು ನನ್ನ ಕ್ಲಾಸಿನಲ್ಲೇ ಇದ್ದಾರೆ. ಅವರು ಇದನ್ನು ವಿದ್ಯೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ರಾಮಾನುಜನ್ ಹಿಡಿದರು.

"ಪಿಯುಸಿ ಸೈನ್ಸ್ ಮುಗಿಸೀನ್ರಿ, ಬಿಎ ಇಂಗ್ಲಿಷ್ ಮಾಡ್ತೀನಂದ್ರ ಅಪ್ಪ ಬೈತಾರ. ಇವರಿಗೂ ಹಿಂಗ ಆಗಿತ್ತೇನು?"

ಪೂರಾ ಉಲ್ಟಾ ಆಗಿತ್ತು. ಇವರು ಕಾಲೇಜಿಗೆ ಸೇರಿದ್ದು ಸೈನ್ಸಿಗೆ. ಮಗನ ತಲೆ ಗಣಿತದ ಕಡೆ ಓಡುವುದಿಲ್ಲ ಅಂತ ಕಂಡ ತಂದೆಯೇ ಅವನನ್ನು ಕಾಲೇಜಿನ ಆಫೀಸಿಗೆ ಕರೆದುಕೊಂಡು ಹೋಗಿ ಇಂಗ್ಲಿಷ್ ಸಾಹಿತ್ಯಕ್ಕೆ ಬದಲಾಯಿಸಿದರು. ಇದನ್ನು ನಿಮ್ಮಪ್ಪನಿಗೆ ತೋರಿಸಿ. ಕೆಲಸ ಆಗುತ್ತದೆ ಅಂತ ನಾನು ಗ್ಯಾರಂಟಿ ಕೊಡಲ್ಲ.

ಆ ತಂದೆಯ ಬಗ್ಗೆ ಇನ್ನೊಂದು ಮಾತು. ಅವರು ಖಗೋಳವನ್ನೂ ಬಲ್ಲವರು, ಜಾತಕವನ್ನೂ ನೋಡುವವರು. ಎರಡೂ ಒಟ್ಟಿಗೆ ಹೇಗೆ ಅಂತ ಹರೆಯದ ಮಗ ಜಗಳ ತೆಗೆದ. ಮಿದುಳಿಗೆ ಎರಡು ಭಾಗ ಇರುವುದು ಗೊತ್ತಿಲ್ಲವೇ ಅಂತ ಅಪ್ಪ ತಣ್ಣಗೆ ಉತ್ತರ ಕೊಟ್ಟರಂತೆ. ಎಷ್ಟೋ ವರ್ಷದ ಮೇಲೆ ಭಾರತೀಯರ ಆಲೋಚನಾ ಕ್ರಮದ ಬಗ್ಗೆ ಬರೆದ ಪ್ರಬಂಧಕ್ಕೆ ರಾಮಾನುಜನ್ ಈ ಅಪ್ಪನನ್ನೇ ತಂದು ನಿಲ್ಲಿಸಿದರು. ಅದು ಅಚ್ಚಾಗಿದ್ದು 1989ರಲ್ಲಿ.

"ಇಂಗ್ಲಿಷ್ ಮೇಷ್ಟ್ರು ಅಂತೀರಿ, ಚಿಕಾಗೋದಾಗ ಕಲಿಸಿದ್ದು ಬ್ಯಾರೇನೇ ಅಲ್ಲೇನ್ರಿ?"

ಸರಿಯಾಗಿ ಹಿಡಿದಿದ್ದೀರಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಓದಿ ಮುಗಿಸಿದ ಮೇಲೆ ಸುಮಾರು ಎಂಟು ವರ್ಷ ಅವರು ಇಂಗ್ಲಿಷ್ ಮೇಷ್ಟ್ರೇ. ಕೇರಳದ ಕೊಲ್ಲಂ, ಆಮೇಲೆ ಮದುರೆ, ಬೆಳಗಾವಿಯ ಲಿಂಗರಾಜ ಕಾಲೇಜು, ಕಡೆಗೆ ಬರೋಡಾ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರದ ರುಚಿ ಹತ್ತಿತು. 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕಾದ ಇಂಡಿಯಾನಾಕ್ಕೆ ಹೋದರು. 1963ರಲ್ಲಿ ಪಿಎಚ್‌ಡಿ ಸಿಕ್ಕಿತು, ಅದೂ ಕನ್ನಡ ವ್ಯಾಕರಣದ ಮೇಲೆ. ಅಷ್ಟರಲ್ಲಾಗಲೇ ಚಿಕಾಗೋ ವಿಶ್ವವಿದ್ಯಾಲಯ ಸೇರಿಯಾಗಿತ್ತು. ಅಲ್ಲಿ ಕಲಿಸಿದ್ದು ದ್ರಾವಿಡ ಭಾಷೆ, ಸಾಹಿತ್ಯ, ಭಾಷಾಶಾಸ್ತ್ರ. 1993ರ ಜುಲೈ 13ರಂದು ಅದೇ ಊರಿನಲ್ಲಿ ತೀರಿಕೊಂಡರು. ಒಂದು ಆಪರೇಷನ್ನಿಗೆ ಕೊಟ್ಟ ಅರಿವಳಿಕೆ ಮೈಗೆ ಒಗ್ಗಲಿಲ್ಲ. ಆಗ ಅವರಿಗೆ 64.

"ಪ್ರಶಸ್ತಿ ಯಾವ್ಯಾವು ಬಂದಾವ? ಎಕ್ಸಾಮಿಗೆ ಬೇಕ್ರಿ."

1976ರಲ್ಲಿ ಪದ್ಮಶ್ರೀ. 1983ರಲ್ಲಿ ಅಮೆರಿಕಾದ ಮೆಕಾರ್ಥರ್ ಫೆಲೋಶಿಪ್. ತೀರಿಕೊಂಡ ಮೇಲೆ, 1999ರಲ್ಲಿ, ಇಂಗ್ಲಿಷ್ ಕವಿತೆಗಳ ಒಟ್ಟು ಸಂಕಲನಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಎಕ್ಸಾಮಿಗೆ ಇಷ್ಟು ಸಾಕು.

## ಕನ್ನಡ, ಇಂಗ್ಲಿಷ್ ಮತ್ತು ನಡುವೆ

"ಅಮೆರಿಕಾಕ್ಕ ಹೋದಮ್ಯಾಲ ಕನ್ನಡ ಬಿಟ್ಟಿರಬೇಕಲ್ವಾ?"

ಇಸವಿಗಳನ್ನು ನೋಡಿ. 'ಹೊಕ್ಕುಳಲ್ಲಿ ಹೂವಿಲ್ಲ' ಬಂದಿದ್ದು 1969ರಲ್ಲಿ, ಧಾರವಾಡದ ಮನೋಹರ ಗ್ರಂಥಮಾಲೆಯಿಂದ. ಎರಡನೇ ಕವನ ಸಂಕಲನ 1977ರಲ್ಲಿ. 'ಮತ್ತೊಬ್ಬನ ಆತ್ಮಚರಿತ್ರೆ' ಅನ್ನುವ ಕಾದಂಬರಿ 1978ರಲ್ಲಿ. 'ಕುಂಟೋಬಿಲ್ಲೆ' ಕವನ ಸಂಕಲನ 1990ರಲ್ಲಿ. ಅಂದರೆ ಅವರ ಕನ್ನಡ ಕವಿತೆ, ಕಾದಂಬರಿಯ ಪುಸ್ತಕಗಳೆಲ್ಲ ಹೊರಬಂದಿದ್ದು ಅವರು ಊರು ಬಿಟ್ಟ ಮೇಲೆ. ಇಂಗ್ಲಿಷ್ ಕವಿತೆಗಳೂ ಅದೇ ಹೊತ್ತಿನವು. ಮೊದಲ ಸಂಕಲನ 1966, ಎರಡನೆಯದು 1971, ಮೂರನೆಯದು 1986.

ಇಂಗ್ಲಿಷ್ ಕಲಿಯಬೇಕಾದರೆ ಕನ್ನಡವನ್ನು ಮನೆಯ ಗೂಟಕ್ಕೆ ನೇತು ಹಾಕಿ ಬರಬೇಕು ಅಂತ ಸುಮಾರು ಪಾಲಕರು ನಂಬಿದ್ದಾರೆ. ಕಲಬುರಗಿಯ ಕಾನ್ವೆಂಟುಗಳ ಮುಂದೆ ನಿಂತರೆ ಆ ನಂಬಿಕೆ ಕಣ್ಣಿಗೇ ಕಾಣುತ್ತದೆ. ಅವರಿಗೆ ನಾನು ಕೊಡುವ ಉದಾಹರಣೆ ಇವರೇ. ಈ ಮನುಷ್ಯನ ಇಂಗ್ಲಿಷ್ ಬೆಳೆದಿದ್ದು ಕನ್ನಡ, ತಮಿಳನ್ನು ಕೈಬಿಟ್ಟಿದ್ದರಿಂದ ಅಲ್ಲ. ಅವುಗಳ ಒಳಗೆ ಇನ್ನಷ್ಟು ಇಳಿದಿದ್ದರಿಂದ.

ತಮಿಳಿನ ಕತೆಯಂತೂ ಇನ್ನೂ ಚೆನ್ನಾಗಿದೆ. 1962ರ ಒಂದು ಶನಿವಾರ ಹಳೆ ತಮಿಳಿನ ವ್ಯಾಕರಣ ಹುಡುಕುತ್ತಾ ಚಿಕಾಗೋ ಲೈಬ್ರರಿಯ ನೆಲಮಾಳಿಗೆಗೆ ಇಳಿದಿದ್ದರು. ಅಲ್ಲಿ ಕೈಗೆ ಸಿಕ್ಕಿದ್ದು 'ಕುರುಂತೊಗೈ', ಸುಮಾರು ಎರಡು ಸಾವಿರ ವರ್ಷ ಹಿಂದಿನ ಪ್ರೇಮ ಕವಿತೆಗಳ ಸಂಗ್ರಹ. ಮನೆಮಾತಿನ ಆಸ್ತಿ ಸಿಕ್ಕಿದ್ದು ಮಿಶಿಗನ್ ಸರೋವರದ ದಂಡೆಯ ಊರಿನಲ್ಲಿ! 1967ರಲ್ಲಿ ಅವರು ಆ ಕವಿತೆಗಳನ್ನು ಇಂಗ್ಲಿಷಿಗೆ ತಂದರು.

"ಕನ್ನಡದಾಗ ಬರಿಯವ್ರು ಬರೇ ಇಂಗ್ಲಿಷ್ ಮೇಷ್ಟ್ರುಗಳೇ ಯಾಕ್ರಿ?"

ಪಟ್ಟಿ ನೋಡಿದರೆ ಹಾಗೇ ಅನ್ನಿಸುತ್ತದೆ. ಬಿ.ಎಂ.ಶ್ರೀ., ಗೋಕಾಕ್, ಅಡಿಗ, ಅನಂತಮೂರ್ತಿ, ಶಾಂತಿನಾಥ ದೇಸಾಯಿ, ಲಂಕೇಶ್, ಎಲ್ಲರೂ ಇಂಗ್ಲಿಷ್ ಕಲಿಸಿದವರು. ಬೇರೆ ಭಾಷೆಯ ಸಾಹಿತ್ಯವನ್ನು ದಿನಾ ಪಾಠ ಮಾಡುವವನಿಗೆ ತನ್ನ ಭಾಷೆ ಸ್ವಲ್ಪ ದೂರದಿಂದ ಕಾಣುತ್ತದೆ. ಆ ದೂರ ಬರೆಯಲು ಅನುಕೂಲ.

ಆದರೆ ಈ ಪಟ್ಟಿ ಮೈಸೂರು, ಧಾರವಾಡದ ಪಟ್ಟಿ. ನಮ್ಮ ಕಲಬುರಗಿ, ಬೀದರ್, ಯಾದಗಿರಿಯ ನೆಲವೆಲ್ಲ 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಕೈಯಲ್ಲಿತ್ತು. ದೊಡ್ಡ ಓದಿಗೆ ಹೈದರಾಬಾದಿಗೆ ಹೋಗಬೇಕು, ಅಲ್ಲಿ ಉಸ್ಮಾನಿಯಾದಲ್ಲಿ ಕಲಿಸುತ್ತಿದ್ದದ್ದು ಉರ್ದುವಿನಲ್ಲಿ. ಗುಲ್ಬರ್ಗಾ ವಿಶ್ವವಿದ್ಯಾಲಯ ಬಂದಿದ್ದೇ 1980ರಲ್ಲಿ. ಹಾಗಾಗಿ ನಮ್ಮಲ್ಲಿ ಉರ್ದು ಓದಿ ಕನ್ನಡದಲ್ಲಿ ಬರೆದವರ ದಾರಿಯೇ ಬೇರೆ ಇದೆ. ಅದನ್ನು ಸರಿಯಾಗಿ ಯಾರಾದರೂ ಬರೆಯಬೇಕು.

"ಅವರ ಕನ್ನಡ ಪದ್ಯ ಓದಿದ್ರ ಪದ್ಯ ಅನ್ನಸಂಗೇ ಇಲ್ಲ. ಇದ್ರಾಗ ಏನೈತಿ?"

ಪದಗಳೆಲ್ಲ ಗೊತ್ತು, ಆದರೂ ಏನೋ ತಪ್ಪಿಸಿಕೊಂಡ ಹಾಗೆ, ಅಲ್ವಾ? ರಾಗ ಎಳೆದು ಹಾಡುವ ಕವಿತೆ ಇವು ಅಲ್ಲ. ಪಕ್ಕದಲ್ಲಿ ಕೂತು ಯಾರೋ ಸಣ್ಣ ದನಿಯಲ್ಲಿ ಮಾತಾಡಿದ ಹಾಗೆ ಓದಬೇಕು.

ಅಂಗುಲದ ಹುಳುವಿನ ಕವಿತೆಯಿಂದ ಶುರು ಮಾಡಿ. ಹುಳು ಹಕ್ಕಿಗಳ ಮೈಯನ್ನು ಅಂಗುಲ ಅಂಗುಲ ಅಳೆದು ಕೊಡುತ್ತಾ ಬದುಕಿಕೊಂಡಿರುತ್ತದೆ. ಹಾಡುವ ಹಕ್ಕಿಯೊಂದು ಬಂದು ನನ್ನ ಹಾಡು ಅಳೆ, ಇಲ್ಲದಿದ್ದರೆ ತಿನ್ನುತ್ತೇನೆ ಅನ್ನುತ್ತದೆ. ಹುಳು ಅಳೆಯುತ್ತಾ ಅಳೆಯುತ್ತಾ ಕಣ್ಮರೆಯಾಗುತ್ತದೆ. ಮಕ್ಕಳ ಕತೆ ಅಂತ ಒಬ್ಬರು, ವಿಮರ್ಶಕರಿಗೆ ಕೊಟ್ಟ ಏಟು ಅಂತ ಇನ್ನೊಬ್ಬರು, ಬಲಶಾಲಿಯ ಕೈಯಿಂದ ಬಡಪಾಯಿ ಪಾರಾಗುವ ಉಪಾಯ ಅಂತ ಚಿತ್ತಾಪುರದ ಕಡೆಯ ನನ್ನ ಒಬ್ಬ ವಿದ್ಯಾರ್ಥಿನಿ. ನನಗೆ ಮೂರನೆಯದೇ ಹಿಡಿಸಿತು.

## ನಮ್ಮ ನೆಲ, ಅವರ ವಚನ

"ನಮ್ಮ ಮುದನೂರ ದಾಸಿಮಯ್ಯಗ ಪರದೇಶಕ್ಕ ಮುಟ್ಟಿಸಿದವ್ರು ಇವರೇ ಅಂತ, ಖರೇನ?"

ಬಹಳ ಮಟ್ಟಿಗೆ ಖರೆ. 1973ರಲ್ಲಿ ಪೆಂಗ್ವಿನ್‌ನವರು ಅವರ ವಚನ ಅನುವಾದ 'ಸ್ಪೀಕಿಂಗ್ ಆಫ್ ಶಿವ' ತಂದರು. ಅದರಲ್ಲಿ ಇರುವುದು ನಾಲ್ಕೇ ಜನ: ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು. ಮೂವರ ಹೆಸರು ಬಸವಕಲ್ಯಾಣದ ಜೊತೆ ಬೆಸೆದುಕೊಂಡಿದೆ, ಒಬ್ಬರು ಸುರಪುರ ತಾಲೂಕಿನ ಮುದನೂರಿನವರು. ಅಂದರೆ ಈ ಪುಸ್ತಕದ ನಕ್ಷೆ ಬಿಡಿಸಿದರೆ ಅದು ಹೆಚ್ಚೂಕಡಿಮೆ ಬೀದರ್, ಯಾದಗಿರಿಯ ನಕ್ಷೆ. ಪುಸ್ತಕ ಬಂದಾಗ ಯಾದಗಿರಿ ಜಿಲ್ಲೆಯೇ ಇರಲಿಲ್ಲ, ಮುದನೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು.

ದಾಸಿಮಯ್ಯ ಬಸವಣ್ಣನಿಗಿಂತ ಮೊದಲಿನವರು. ಅವರನ್ನು ಪರಿಚಯಿಸುವಾಗ ರಾಮಾನುಜನ್ ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರುವ ಕತೆಯನ್ನೇ ಹೇಳುತ್ತಾರೆ. ದಾಸಿಮಯ್ಯ ಅಡವಿಯಲ್ಲಿ ಕಠಿಣ ತಪಸ್ಸಿಗೆ ಕೂತಿದ್ದಾಗ ಶಿವ ಬಂದು, ಮೈ ದಂಡಿಸಬೇಡ, ಊರಿಗೆ ಹೋಗಿ ದುಡಿ ಅಂದ. ಇವರು ಬಂದು ಮಗ್ಗ ಹೂಡಿದರು. ಊರಿನ ರಾಮನಾಥನ ಗುಡಿ, ಆ ರಾಮನಾಥನೇ ವಚನದ ಅಂಕಿತ, ಎಲ್ಲವೂ ಅಲ್ಲಿ ಬರುತ್ತದೆ. ಇಂಗ್ಲೆಂಡಿನಲ್ಲಿ ಅಚ್ಚಾದ ಪುಸ್ತಕದಲ್ಲಿ ಮುದನೂರು ಅನ್ನುವ ಹೆಸರು ನೋಡಿದ ದಿನ ನಮ್ಮ ಹುಡುಗರ ಮುಖ ನೋಡಬೇಕು.

ಅವರು ಆರಿಸಿಕೊಂಡ ದಾಸಿಮಯ್ಯನ ವಚನಗಳಲ್ಲಿ ಇದೂ ಒಂದು:

ಮೊಲೆ ಮುಡಿ ಬಂದಡೆ ಹೆಣ್ಣೆಂಬರು
ಗಡ್ಡ ಮೀಸೆ ಬಂದಡೆ ಗಂಡೆಂಬರು
ನಡುವೆ ಸುಳಿವ ಆತ್ಮನು
ಹೆಣ್ಣೂ ಅಲ್ಲ ಗಂಡೂ ಅಲ್ಲ ಕಾಣಾ ರಾಮನಾಥ

ಗಂಡು ಹೆಣ್ಣಿನ ಚರ್ಚೆ ನಡೆಯುವ ಯಾವ ದೇಶದ ಕ್ಲಾಸಿನಲ್ಲಾದರೂ ಈ ವಚನವನ್ನು ಇವತ್ತೂ ಇಡಬಹುದು. ಇದಕ್ಕೆ ಅಡಿಟಿಪ್ಪಣಿ ಬೇಕಿಲ್ಲ. ಆರಿಸುವ ಕಣ್ಣು ಅಂದರೆ ಇದೇ.

"ನಾಕೇ ಮಂದಿ ಯಾಕ? ಕಲ್ಯಾಣದಾಗ ನೂರಾರು ಶರಣರಿದ್ರಲ್ಲ?"

ಅದು ಒಬ್ಬ ಕವಿ ತನಗೆ ಹಿಡಿಸಿದ್ದನ್ನು ಆರಿಸಿದ ಪುಸ್ತಕ, ಸಮಗ್ರ ಸಂಪುಟ ಅಲ್ಲ. ದಾಸಿಮಯ್ಯನನ್ನು ಬಿಟ್ಟರೆ ಉಳಿದ ಕಾಯಕದ ಶರಣರು, ಅಕ್ಕನನ್ನು ಬಿಟ್ಟರೆ ಉಳಿದ ಶರಣೆಯರು ಇದರಲ್ಲಿ ಇಲ್ಲ. ಆ ಕೊರತೆ ನಿಜ. ಸತ್ಯಕ್ಕ, ಕಾಳವ್ವೆ, ಲಕ್ಕಮ್ಮರ ವಚನ ಬೇಕಾದವರು ಬೇರೆ ಸಂಪುಟಗಳನ್ನು ಹುಡುಕಬೇಕು.

"ವಚನದ ಸಾಲೆಲ್ಲ ಮುರಿದು ಮುರಿದು ಹಾಕ್ಯಾರ. ನಮ್ಮ ವಚನ ಹಂಗದಾವೇನು?"

ಓಲೆಗರಿಯಲ್ಲಿ ಸಾಲು ಎಲ್ಲಿ ಮುರಿಯಬೇಕು ಅನ್ನುವ ಗುರುತು ಇರುವುದಿಲ್ಲ, ಒಂದೇ ಸಮನೆ ಬರೆದಿರುತ್ತಾರೆ. ನಮ್ಮ ಅಚ್ಚಿನ ಪುಸ್ತಕಗಳಲ್ಲೂ ಸಾಲು ಮುರಿದವರು ಸಂಪಾದಕರೇ. ರಾಮಾನುಜನ್ ಇನ್ನೂ ಸ್ವಲ್ಪ ಮುಂದೆ ಹೋದರು. ಎಲ್ಲಿ ವಾಕ್ಯ ಜೋಡಿ ಜೋಡಿಯಾಗಿ ನಡೆಯುತ್ತದೆ, ಎಲ್ಲಿ ತಟ್ಟನೆ ತಿರುಗುತ್ತದೆ ಅನ್ನುವುದು ಕಣ್ಣಿಗೆ ಕಾಣುವ ಹಾಗೆ ಪುಟದ ಮೇಲೆ ಹರಡಿದರು. ಇಂಗ್ಲಿಷ್ ಓದುಗರಿಗೆ ವಚನದ ದನಿ ಕಿವಿಗೆ ಗೊತ್ತಿಲ್ಲ, ಕಣ್ಣಿಗಾದರೂ ಸಿಗಲಿ ಅಂತ.

ಅವರ ಮುನ್ನುಡಿ ಶುರುವಾಗುವುದೇ 'ಉಳ್ಳವರು ಶಿವಾಲಯವ ಮಾಡುವರು' ವಚನದಿಂದ. ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಬಾಯಿಪಾಠ. ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸ. ಭಾಷಣದ ಕೊನೆಗೆ ಇದನ್ನು ಒಗೆದು ಚಪ್ಪಾಳೆ ತಗೊಳ್ಳುವುದು ನಮಗೆ ರೂಢಿ. ಅವರು ಚಪ್ಪಾಳೆಗೆ ನಿಲ್ಲುವುದಿಲ್ಲ. ಗುಡಿ ಕಟ್ಟುವವರು ಮೊದಲಿನಿಂದಲೂ ಮನುಷ್ಯನ ಮೈಯನ್ನೇ ಮಾದರಿ ಮಾಡಿಕೊಂಡಿದ್ದರು, ಗುಡಿಯ ಭಾಗಗಳಿಗೆ ಇರುವುದೂ ಮೈಯ ಭಾಗಗಳ ಹೆಸರೇ ಅಂತ ನೆನಪಿಸುತ್ತಾರೆ. ಆಮೇಲೆ ಜನ ಗುಡಿಯನ್ನು ಹಿಡಿದುಕೊಂಡು ಮೈಯನ್ನು ಮರೆತರು. ಬಸವಣ್ಣ ಮತ್ತೆ ಮೈಗೇ ವಾಪಸ್ ಬಂದ. ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ ಅನ್ನುವ ಮಾತಿಗೆ ಆಗ ಕಲ್ಲು ಕಟ್ಟಡದ ಭಾರ ಬರುತ್ತದೆ. ಇದನ್ನು ಓದಿ ಬಸವಕಲ್ಯಾಣದಿಂದ ಸ್ವಲ್ಪವೇ ದೂರದ ಜಲಸಂಗ್ವಿಯ ಗುಡಿಯ ಮುಂದೆ ನಿಂತು ನೋಡಿ. ಕಂಬ, ಗೋಡೆ, ಶಿಲಾಬಾಲಿಕೆ, ಎಲ್ಲ ಬೇರೆ ಥರ ಕಾಣುತ್ತವೆ.

"ಶರಣ ಸಾಹಿತ್ಯದ ಮಂದಿಗೆ ಈ ಅನುವಾದ ಅಷ್ಟು ಮನಸ್ಸಿಗಿ ಬರಂಗಿಲ್ಲ. ಯಾಕ?"

ಕಾರಣ ಒಂದೆರಡಲ್ಲ. ಅಂಕಿತನಾಮಗಳನ್ನೇ ತಗೊಳ್ಳಿ. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ ಮೂರನ್ನೂ ಅವರು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ರಾಮನಾಥನನ್ನು ಮಾತ್ರ ಹಾಗೇ ಬಿಟ್ಟರು. ಇಷ್ಟಲಿಂಗದ ಪೂಜೆ ಮಾಡುತ್ತಾ ಆ ಹೆಸರು ಹೇಳುವವರಿಗೆ ಇದು ಸರಿ ಬರುವುದಿಲ್ಲ. ಅವರ ಮಟ್ಟಿಗೆ ಅದು ಹೆಸರು, ವರ್ಣನೆ ಅಲ್ಲ.

ಓದಿನ ವಲಯದಿಂದ ಬಂದ ತಕರಾರು ಇನ್ನೂ ಗಟ್ಟಿ. ಅನುವಾದದ ಬಗ್ಗೆ ಕೆಲಸ ಮಾಡಿದ ವಿದ್ವಾಂಸೆ ತೇಜಸ್ವಿನಿ ನಿರಂಜನ 1992ರ ತಮ್ಮ ಪುಸ್ತಕದಲ್ಲಿ ಅಲ್ಲಮನ ಒಂದು ವಚನ ಹಿಡಿದು ವಾದ ಹೂಡಿದರು. ರಾಮಾನುಜನ್ ವಚನ ಚಳವಳಿಯನ್ನು ಯೂರೋಪಿನ ಪ್ರಾಟೆಸ್ಟೆಂಟರ ಜೊತೆ ಹೋಲಿಸಿ, ಅಲ್ಲಮನನ್ನು ಪಶ್ಚಿಮದ ಓದುಗನಿಗೆ ಒಗ್ಗುವ ಆಧುನಿಕ ಕವಿ ಮಾಡಿಬಿಟ್ಟರು ಅನ್ನುವುದು ಅವರ ಮಾತಿನ ಸಾರ. ನನಗನ್ನಿಸುವುದು, ಅಲ್ಲಮನ ವಿಷಯದಲ್ಲಿ ಈ ತಕರಾರು ನಿಲ್ಲುತ್ತದೆ. ಒಗಟಿನಂಥ ಬೆಡಗಿನ ವಚನದ ಗಂಟನ್ನು ಇಂಗ್ಲಿಷ್ ಕವಿತೆ ಬೇಗ ಸಡಿಲ ಮಾಡುತ್ತದೆ. ದಾಸಿಮಯ್ಯನ ವಿಷಯದಲ್ಲಿ ನಿಲ್ಲುವುದಿಲ್ಲ. ಅಲ್ಲಿ ಮಾತು ಮೊದಲೇ ನೇರ, ಅನುವಾದವೂ ನೇರ. ಅನುಮಾನ ಇದ್ದವರು ಎರಡೂ ಭಾಷೆಯ ಪುಟ ಪಕ್ಕಪಕ್ಕ ಇಟ್ಟುಕೊಂಡು ಓದಿ. ನಮಗೆ ಆ ಅನುಕೂಲ ಇದೆ, ಚಿಕಾಗೋದ ಓದುಗನಿಗೆ ಇಲ್ಲ.

## ಕತೆ, ಜಗಳ, ಸಂಶೋಧನೆ

"ನಮ್ಮ ಆಯಿ ಹೇಳೋ ಕತಿ ಬರದಿಟ್ರ ಅದು ಸಾಹಿತ್ಯ ಆಗ್ತದೇನ್ರಿ?"

ರಾಮಾನುಜನ್ ಪ್ರಕಾರ ಅದು ಬರೆಯುವ ಮೊದಲೇ ಸಾಹಿತ್ಯ. ಬೆಳಗಾವಿಯಲ್ಲಿ ಮೇಷ್ಟ್ರಾಗಿದ್ದಾಗಲೇ ಆ ಕಡೆ ಹೆಂಗಸರಿಂದ ಕತೆ ಕೇಳಿ ಬರೆದುಕೊಳ್ಳುತ್ತಿದ್ದರು. ಅದರಲ್ಲಿ ಒಂದು ಹೀಗಿದೆ. ಒಬ್ಬ ಹೆಣ್ಣುಮಗಳಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಗಟ್ಟಿದ ಅವು, ಆಕೆ ಬಾಯಿ ತೆರೆದು ಮಲಗಿದಾಗ ಹೊರಗೆ ಬಿದ್ದವು. ಕತೆ ಬಾಗಿಲಲ್ಲಿ ಒಂದು ಜೊತೆ ಕಾಲ್ಮರಿ ಆಯಿತು, ಹಾಡು ಗೂಟದ ಮೇಲೆ ಗಂಡಸಿನ ಅಂಗಿ ಆಯಿತು. ಗಂಡ ಬಂದು ನೋಡಿ, ಯಾರು ಬಂದಿದ್ದರು ಅಂದ. ಆಕೆಗೆ ಗೊತ್ತಿಲ್ಲ. ಜಗಳವಾಡಿ ಅವನು ಹನುಮಪ್ಪನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಜ್ವಾಲೆಗಳು ಆ ಗುಡಿಗೆ ಬಂದು ಹರಟೆ ಹೊಡೆಯುತ್ತಿದ್ದವು. ತಡವಾಗಿ ಬಂದ ಒಂದು ಜ್ವಾಲೆ ಎಲ್ಲ ಹೇಳಿತು. ಗಂಡ ಮನೆಗೆ ಬಂದು, ನಿನ್ನ ಕತೆ ಯಾವುದು, ಹಾಡು ಯಾವುದು ಅಂದ. ಯಾವ ಕತೆ, ಯಾವ ಹಾಡು ಅಂತ ಆಕೆ ವಾಪಸ್ ಕೇಳಿದಳು.

ಗಿರೀಶ ಕಾರ್ನಾಡರ 'ನಾಗಮಂಡಲ' ನೋಡಿದವರಿಗೆ ಆ ದೀಪಗಳ ಗುರುತು ಸಿಕ್ಕಿರಬೇಕು. ಆ ನಾಟಕದ ಹಿಂದಿನ ಎರಡು ಜನಪದ ಕತೆಗಳನ್ನು ಕಾರ್ನಾಡರಿಗೆ ಹೇಳಿದವರು ರಾಮಾನುಜನ್, ನಾಟಕ ಅರ್ಪಣೆ ಆಗಿರುವುದೂ ಅವರಿಗೇ. ಹೂವಿನ ಗಿಡವಾಗುವ ಹುಡುಗಿಯ ಇನ್ನೊಂದು ಕನ್ನಡ ಕತೆ 'ಚೆಲುವಿ' ಸಿನಿಮಾ ಆಯಿತು. 2006ರಲ್ಲಿ ಜಾನ್ ಆಡಮ್ಸ್ ಅನ್ನುವ ಅಮೆರಿಕನ್ ಸಂಗೀತಗಾರ ಅದನ್ನು ಆಪೆರಾ ಮಾಡಿದರು. ನಿಮ್ಮ ಆಯಿ ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಗ್ರಂಥಭಾಷೆಗೆ ತಿದ್ದಲು ಹೋಗಬೇಡಿ.

"ಮುನ್ನೂರು ರಾಮಾಯಣ ಬರದು ಬೈಸ್ಕೊಂಡ್ರಂತಲ್ಲ?"

ಗಲಾಟೆ ಆದಾಗ ಅವರು ಬದುಕಿರಲೇ ಇಲ್ಲ. ಪ್ರಬಂಧ ಪುಸ್ತಕದಲ್ಲಿ ಬಂದಿದ್ದು 1991ರಲ್ಲಿ. ದೆಹಲಿ ವಿಶ್ವವಿದ್ಯಾಲಯದ ಇತಿಹಾಸ ಪಠ್ಯದಲ್ಲಿ ಅದು ಇದ್ದಾಗ 2008ರಲ್ಲಿ ದಾಂಧಲೆ ನಡೆಯಿತು. 2011ರಲ್ಲಿ ಅಕಾಡೆಮಿಕ್ ಕೌನ್ಸಿಲ್ ಪಠ್ಯದಿಂದ ಕೈಬಿಟ್ಟಿತು.

ಪ್ರಬಂಧ ಹೇಳುವುದು ಇಷ್ಟೇ: ವಾಲ್ಮೀಕಿ, ತಮಿಳಿನ ಕವಿ ಕಂಬ, ಜೈನರು, ಥಾಯ್ಲೆಂಡಿನವರು, ಜನಪದರು, ಒಬ್ಬೊಬ್ಬರು ರಾಮನ ಕತೆಯನ್ನು ಒಂದೊಂದು ಥರ ಹೇಳಿದ್ದಾರೆ, ಇಂಥದ್ದೇ ಅಸಲಿ ಅನ್ನಲು ಬರುವುದಿಲ್ಲ. ಅದರಲ್ಲಿ ಕನ್ನಡದ ದಲಿತ ಹಾಡುಗಾರರ ರಾಮಾಯಣವೂ ಇದೆ. ಅಲ್ಲಿ ರಾವುಳ, ಅಂದರೆ ರಾವಣ, ಹೆಂಡತಿಗೆ ಕೊಡಬೇಕಾದ ಮಾವಿನ ಹಣ್ಣನ್ನು ಆಸೆಗೆ ತಾನೇ ತಿಂದು ಬಸುರಾಗುತ್ತಾನೆ. ದಿನಕ್ಕೊಂದು ತಿಂಗಳು ತುಂಬಿ, ಒಂಬತ್ತನೇ ದಿನ ಸೀನಿದಾಗ ಸೀತೆ ಹುಟ್ಟುತ್ತಾಳೆ. ಬಯಲಾಟ, ದೊಡ್ಡಾಟ ನೋಡಿ ಬೆಳೆದ ನಮ್ಮವರಿಗೆ ಇದು ಕೇಳಿ ನಗು ಬರುತ್ತದೆ, ಸಿಟ್ಟು ಬರುವುದಿಲ್ಲ. ಒಬ್ಬೊಬ್ಬ ಸಾರಥಿ ಒಂದೊಂದು ಥರ ಕತೆ ನಡೆಸುವುದನ್ನು ಕಂಡವರು ನಾವು.

"ಸಂಸ್ಕಾರ ಕಾದಂಬರಿಗೂ ಇವರಿಗೂ ಏನು ಸಂಬಂಧ?"

ಅನಂತಮೂರ್ತಿಯವರ ಆ ಕಾದಂಬರಿಯನ್ನು 1976ರಲ್ಲಿ ಇಂಗ್ಲಿಷಿಗೆ ತಂದವರು ಇವರು. ಪುಸ್ತಕದ ಕೊನೆಗೆ ಒಂದು ಹಿನ್ನುಡಿ ಬರೆದಿದ್ದಾರೆ, ಅದನ್ನು ಬಿಡದೆ ಓದಿ.

"ರಾಮಾನುಜನ್ ಮ್ಯಾಲ ಪಿಎಚ್‌ಡಿ ಮಾಡ್ಬೇಕಂತೀನ್ರಿ. ಟಾಪಿಕ್ ಏನು ತಗೊಳ್ಲಿ?"

ಇಂಗ್ಲಿಷ್ ಕವಿತೆಗಳಲ್ಲಿ ಕುಟುಂಬ, ನೆನಪು, ಗುರುತು ಅಂತ ತಗೋಬೇಡಿ. ಆ ಬಾವಿಯಲ್ಲಿ ನೀರು ಉಳಿದಿಲ್ಲ. ಅವರ ಕನ್ನಡ ಓದಲು ಬಾರದವರು ಇಂಗ್ಲಿಷ್ ಕವಿತೆಗಳ ಮೇಲೆ ಎಷ್ಟೋ ಥೀಸಿಸ್ ಬರೆದಿದ್ದಾರೆ. ನಿಮಗೆ ಎರಡೂ ಬರುತ್ತದೆ, ಅಲ್ಲಿಂದ ಶುರು ಮಾಡಿ. ಒಂದೇ ವಸ್ತುವಿನ ಕನ್ನಡ ಕವಿತೆ, ಇಂಗ್ಲಿಷ್ ಕವಿತೆ ಹುಡುಕಿ ಜೋಡಿ ಮಾಡಿ. ಇಲ್ಲವೇ ದಾಸಿಮಯ್ಯನ ಭಾಗವನ್ನಷ್ಟೇ ತಗೊಂಡು, ಮುದನೂರಿನ ಸುತ್ತ ನೇಕಾರರ ಬಾಯಲ್ಲಿ ಇರುವ ಕತೆ, ವಚನಗಳ ಜೊತೆ ಇಟ್ಟು ನೋಡಿ. ಅದಕ್ಕೆ ಊರೂರು ತಿರುಗಬೇಕು, ಮಂದಿ ಜೊತೆ ಕೂತು ಕೇಳಬೇಕು. ಲೈಬ್ರರಿಯಲ್ಲಿ ಕೂತು ಆಗುವ ಕೆಲಸ ಅಲ್ಲ.

ಅವರ ಕಾಗದಪತ್ರಗಳು ಚಿಕಾಗೋ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿವೆ. ಅಲ್ಲಿಗೆ ಹೋಗುವುದು ಎಲ್ಲರ ಕೈಲಾಗುವ ಮಾತಲ್ಲ. ಡೈರಿಗಳಿಂದ ಆರಿಸಿದ ಭಾಗ 2019ರಲ್ಲಿ ಪುಸ್ತಕವಾಗಿ ಬಂದಿದೆ, ಪ್ರಬಂಧಗಳೆಲ್ಲ ಒಂದೇ ಸಂಪುಟದಲ್ಲಿ 1999ರಲ್ಲೇ ಬಂದಿವೆ. ಈ ಎರಡನ್ನು ಮುಗಿಸಿ, ಕನ್ನಡ ಕವಿತೆಗಳನ್ನು ಗಟ್ಟಿಯಾಗಿ ಓದಿ, ಆಮೇಲೆ ಸಿನಾಪ್ಸಿಸ್ ಬರೆದುಕೊಂಡು ಬನ್ನಿ. ಎರಡು ಪುಟ ಸಾಕು.